ಎಡಕ್ಕೆ ತಿರುಗಿಸಿದಾಗ

ಮೇಸ್ತ್ರಿಯ ಕಿವಿಯ ಬಗ್ಗೆ ಆ ಬೀದಿಯಲ್ಲಿ ಓಡಾಡುತ್ತಿದ್ದ ಕತೆಗಳಲ್ಲಿ ಅರ್ಧ ಸುಳ್ಳು, ಉಳಿದರ್ಧ ಹಳೆಯವು. ಗಾಡಿ ಬೀದಿ ತುದಿಯಲ್ಲಿ ತಿರುಗುವಾಗಲೇ ಅದರ ಯಾವ ವಾಲ್ವ್ ಸಡಿಲಾಗಿದೆ ಎಂದು ಹೇಳಿಬಿಡುತ್ತಾನೆ ಎಂಬುದು ಸುಳ್ಳು. ಕಣ್ಣು ಮುಚ್ಚಿ ಒಂದು ನಿಮಿಷ ಪಕ್ಕದಲ್ಲಿ ನಿಂತರೆ ಎಂಜಿನ್ನಿನ ಹೊಟ್ಟೆಯೊಳಗೆ ಏನಾಗಿದೆ ಎಂದು ಹೇಳುತ್ತಾನೆ ಎಂಬುದು ನಿಜವಾಗಿತ್ತು, ಆದರೆ ಮೂರು ವರ್ಷದ ಹಿಂದೆ. ಈಗ ಅವನಿಗೆ ಸರಿಯಾಗಿ ಕೇಳಿಸುತ್ತಿರಲಿಲ್ಲ. ಈ ವಿಷಯ ಜಗತ್ತಿನಲ್ಲಿ ಗೊತ್ತಿದ್ದದ್ದು ಒಬ್ಬನಿಗೇ, ಅವನಿಗೆ.

ಮೊದಲು ಹೋದದ್ದು ಫೋನಿನ ಸದ್ದು. ಜೇಬಿನಲ್ಲಿ ಅದು ಬಡಿದುಕೊಳ್ಳುತ್ತಿದ್ದರೂ ಗೊತ್ತಾಗದೆ, ಎದುರಿಗಿದ್ದವರು 'ನಿಮ್ದೇ ಫೋನು' ಎಂದಾಗ ಬೆಚ್ಚಿಬೀಳುತ್ತಿದ್ದ. ಆಮೇಲೆ ಬಾಗಿಲ ಗಂಟೆ ಹೋಯಿತು. ಆಮೇಲೆ ಮಾತಿನ ಅಂಚುಗಳು ಸವೆದವು. ಯಾರೋ ಮಾತಾಡುತ್ತಿದ್ದಾರೆ ಎಂಬುದು ಕೇಳಿಸುತ್ತಿತ್ತು, ಏನು ಮಾತು ಎಂಬುದನ್ನು ತುಟಿ ನೋಡಿ ಹೊಂದಿಸಿಕೊಳ್ಳಬೇಕಿತ್ತು. ಹೆಂಡತಿ ಕೂಗಿದ್ದಕ್ಕೆ ಓಗೊಡದಿರುವುದು ಗಂಡಂದಿರ ಹುಟ್ಟುಗುಣ ಎಂದು ಅವಳು ಎಂದೋ ತೀರ್ಮಾನಿಸಿದ್ದರಿಂದ ಮನೆಯಲ್ಲಿ ಸಿಕ್ಕಿಬೀಳಲಿಲ್ಲ. ಮೂವತ್ತು ವರ್ಷ ಬಾಯಿ ತೆರೆದ ಸೈಲೆನ್ಸರುಗಳ ಮುಂದೆ ಬರಿಗಿವಿಯಲ್ಲಿ ನಿಂತವನಿಗೆ ಇನ್ನೇನಾಗಬೇಕಿತ್ತು? ಕಿವಿಗೆ ಹತ್ತಿ ಇಟ್ಟುಕೋ ಎಂದವರಿಗೆಲ್ಲ ಅವನು, 'ಕಣ್ಣಿಗೆ ಬಟ್ಟೆ ಕಟ್ಕೊಂಡು ಸಿನಿಮಾ ನೋಡು ಅಂದ ಹಾಗಾಯ್ತು' ಎಂದು ನಗಿಸಿ ಕಳಿಸಿದ್ದ.

ಶೆಡ್ಡಿನಲ್ಲಿ ಅವನು ಅಂಗೈಯಿಂದ ಕೇಳುವುದನ್ನು ಕಲಿತುಕೊಂಡ. ಎಂಜಿನ್ನಿನ ಮೇಲೆ ಕೈ ಇಟ್ಟರೆ ನಡುಕದಲ್ಲೇ ಮುಕ್ಕಾಲು ಪಾಲು ತಿಳಿಯುತ್ತಿತ್ತು. ಉಳಿದ ಕಾಲು ಪಾಲನ್ನು ಗಿರಾಕಿಯ ಮುಖ ನೋಡಿ ಊಹಿಸುತ್ತಿದ್ದ. ಜನ ಅದನ್ನೂ ಹೊಸ ವಿದ್ಯೆ ಎಂದುಕೊಂಡರು. 'ಈಗ ಮೇಸ್ತ್ರಿಗೆ ಕಿವೀನೂ ಬೇಡ, ಮುಟ್ಟಿದ್ರೆ ಸಾಕು' ಎಂದು ಹೊಗಳಿದರು. ಹೊಗಳಿಸಿಕೊಂಡಷ್ಟೂ ಅವನಿಗೆ ಒಳಗೊಳಗೇ ಭಯ ಬೆಳೆಯಿತು. ಕಿವಿ ಹೋದ ಮೇಸ್ತ್ರಿಯ ಹತ್ತಿರ ಯಾರು ತಾನೇ ಎಂಜಿನ್ ಬಿಚ್ಚಿಸುತ್ತಾರೆ? ಬೆಳಿಗ್ಗೆ ಶೆಡ್ಡಿನ ಬಾಗಿಲು ಎತ್ತುವಾಗ, ಇವತ್ತು ಸಿಕ್ಕಿಬೀಳುತ್ತೇನೆ ಎಂದು ದಿನವೂ ಅನ್ನಿಸುತ್ತಿತ್ತು.

ಅವನಿಗೆ ಒಬ್ಬಳೇ ಮಗಳು, ಇಪ್ಪತ್ತನಾಲ್ಕರ ಎತ್ತರದ ಹುಡುಗಿ. ಹಗಲು ಒಂದು ಕಚೇರಿಯಲ್ಲಿ ನಕ್ಷೆ ಬರೆಯುವ ಕೆಲಸ. ಉಳಿದ ಹೊತ್ತೆಲ್ಲ ತನ್ನ ಎಟಿವಿಯ ಮೇಲೆ. ಬೈಕಿನ ಹ್ಯಾಂಡಲ್ಲು, ನಾಲ್ಕು ದಪ್ಪ ಚಕ್ರ, ನಡುವೆ ಫೋರ್ ಸ್ಟ್ರೋಕ್ ಎಂಜಿನ್ ಇರುವ, ಕಲ್ಲುಮಣ್ಣು ನೋಡದೆ ಏರುವ ಗಾಡಿ ಅದು. ಊರ ಹೊರಗಿನ ಪಾಳುಬಿದ್ದ ಕಲ್ಲು ಕ್ವಾರಿಯಲ್ಲಿ ವರ್ಷಕ್ಕೊಮ್ಮೆ ಏರುವ ಸ್ಪರ್ಧೆ ನಡೆಯುತ್ತಿತ್ತು. ಹೋದ ವರ್ಷ ಅವಳು ಮೂರು ಸೆಕೆಂಡಿನ ಅಂತರದಲ್ಲಿ ಸೋತು ಎರಡನೆಯವಳಾಗಿದ್ದಳು. ಸೋತು ಬಂದ ದಿನವೇ, 'ಅಪ್ಪ, ನನ್ನ ಕೈ ಚೆನ್ನಾಗಿದೆ, ನಿನ್ನ ಎಂಜಿನ್ನೇ ಸೋಮಾರಿ' ಎಂದು ಕೆಣಕಿದಳು. ಈ ವರ್ಷದ ಸ್ಪರ್ಧೆಗೆಂದು ಮೇಸ್ತ್ರಿ ಮೂರು ತಿಂಗಳು ಆ ಗಾಡಿಯ ಬೆನ್ನು ಹತ್ತಿದ.

ಪಕ್ಕದ ಶೆಡ್ಡಿನಲ್ಲಿ ಕಬ್ಬಿಣ ಕಡೆಯುವ ಲೇತ್‌ನವನು ಅವನ ಹಳೆಯ ಗೆಳೆಯ. ಅವನ ಕೈಲಿ ಸಿಲಿಂಡರನ್ನು ಒಳಗಿನಿಂದ ಕೊರೆಸಿ ಅಗಲ ಮಾಡಿಸಿ, ದೊಡ್ಡ ಪಿಸ್ಟನ್ ಕೂರಿಸಿದ. ವಾಲ್ವುಗಳನ್ನು ಇನ್ನಷ್ಟು ಆಳಕ್ಕೆ ತಳ್ಳುವ ಹೊಸ ಕ್ಯಾಮ್‌ಶಾಫ್ಟ್ ಹಾಕಿದ. ವಾಲ್ವು ಪಿಸ್ಟನ್ನಿನ ತಲೆಗೆ ತಾಕುತ್ತದೋ ನೋಡಲು ಪಿಸ್ಟನ್ನಿನ ಮೇಲೆ ಮೆತ್ತನೆಯ ಜೇಡಿ ಒತ್ತಿ, ಎಂಜಿನ್ನನ್ನು ಕೈಯಲ್ಲೇ ತಿರುಗಿಸಿ, ಉಳಿದ ಜೇಡಿಯನ್ನು ಬ್ಲೇಡಿನಿಂದ ಕುಯ್ದು ಅಳೆದ. ಮನಸ್ಸಿಗೆ ಸಮಾಧಾನವಾಗದೆ ಮತ್ತೆ ಬಿಚ್ಚಿ ಮತ್ತೆ ಅಳೆದ. ಬಾಯಿ ಅಗಲದ ಕಾರ್ಬುರೇಟರ್, ಅಡ್ಡಿಯಿಲ್ಲದೆ ಹೊಗೆ ಬಿಡುವ ಸೈಲೆನ್ಸರ್. ಎಲ್ಲವೂ ಕೂದಲೆಳೆಯ ಲೆಕ್ಕದ ಕೆಲಸ. ಅಲ್ಲೆಲ್ಲ ಅವನಿಗೆ ಕಿವಿ ಬೇಕಾಗಿರಲಿಲ್ಲ, ಕಣ್ಣು ಮತ್ತು ಬೆರಳು ಸಾಕಾಗಿದ್ದವು.

ಸ್ಪರ್ಧೆಯ ಹಿಂದಿನ ದಿನ ಮಗಳು ಇನ್ನೊಂದು ಬೇಡಿಕೆ ಇಟ್ಟಳು. 'ನಿಂತ್ಕೊಂಡು ಓಡಿಸುವಾಗ ಬೆನ್ನು ಬಗ್ಗಿಸಿ ಬಗ್ಗಿಸಿ ಸಾಕಾಯ್ತು. ಹ್ಯಾಂಡಲ್ ಸ್ವಲ್ಪ ಎತ್ತರ ಮಾಡಿಕೊಡಪ್ಪ.'

'ಅದೇನು ಮಹಾ, ಒಂದು ಪೈಪು ಬದಲಾಯಿಸಿದ್ರೆ ಆಯ್ತು,' ಎಂದ ಮೇಸ್ತ್ರಿ.

ಎರಡು ಇಂಚು ಎತ್ತರದ ಹ್ಯಾಂಡಲ್ ಅರ್ಧ ಗಂಟೆಯಲ್ಲಿ ಕೂತಿತು. ಹಳೆಯ ಆಕ್ಸಿಲರೇಟರ್ ಕೇಬಲ್ಲೇ ಎಟುಕಿತು. ಸ್ವಲ್ಪ ಬಿಗಿಯಾಗಿಯೇ ಎಟುಕಿತು ಎನ್ನಬೇಕು. ಮೂರು ತಿಂಗಳು ಕೂದಲೆಳೆ ಅಳೆದವನು ಆ ಕೇಬಲ್ಲಿನ ಉದ್ದವನ್ನು ಮಾತ್ರ ಕಣ್ಣಂದಾಜಿಗೆ ಬಿಟ್ಟ. ಎಂಜಿನ್ ಬಿಚ್ಚಿ ಕಟ್ಟುವವರ ದೊಡ್ಡ ಜಂಬವೇ ಇದು, ಎಂಜಿನ್ನಿನ ಹೊರಗೆ ಇರುವುದೆಲ್ಲ ಅವರಿಗೆ ಬರೀ ಪೈಪು, ತಂತಿ.

ಹ್ಯಾಂಡಲ್ ಬದಲಾಯಿಸಿದ ಮೇಲೆ ಮಾಡಲೇಬೇಕಾದ ಒಂದು ಪರೀಕ್ಷೆ ಇದೆ. ಗಾಡಿ ನಿಂತಲ್ಲೇ ಎಂಜಿನ್ ಚಾಲೂ ಮಾಡಿ, ಆಕ್ಸಿಲರೇಟರ್ ಮುಟ್ಟದೆ ಹ್ಯಾಂಡಲ್ಲನ್ನು ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಬೇಕು. ಕೇಬಲ್ ಗಿಡ್ಡವಾಗಿದ್ದರೆ ತಿರುಗಿಸಿದಾಗ ಅದು ಎಳೆದುಕೊಂಡು, ಎಂಜಿನ್ನಿನ ಸದ್ದು ತಾನಾಗಿಯೇ ಏರುತ್ತದೆ. ಕೇಳಿ ತಿಳಿಯಬೇಕಾದ್ದು ಇಷ್ಟೇ. ಈ ಪರೀಕ್ಷೆಗೆ ಬೇಕಾದದ್ದು ಕಿವಿ ಒಂದೇ.

ಮಗಳು ಗಾಡಿ ಏರಿ ಎಂಜಿನ್ ಚಾಲೂ ಮಾಡಿದಳು. ಲೇತ್‌ನವನು ಬಾಗಿಲಲ್ಲಿ ಟೀ ಲೋಟ ಹಿಡಿದು ನಿಂತಿದ್ದ. ಮೇಸ್ತ್ರಿ ಎಂದಿನಂತೆ ಕಣ್ಣು ಅರೆಮುಚ್ಚಿ ನಿಂತ. ಎಂಜಿನ್ ಸ್ವಲ್ಪ ಹೊತ್ತಿಗೇ ಕಾದು ಸುಡತೊಡಗಿದ್ದರಿಂದ ಅಂಗೈಯನ್ನು ಹಿಂದಿನ ಕ್ಯಾರಿಯರ್ ಮೇಲೆ ಇಟ್ಟ, ಅಲ್ಲಿಗೆ ನಡುಕದ ಏರಿಳಿತ ತಲುಪುತ್ತಿರಲಿಲ್ಲ. ಹೊಸ ಸೈಲೆನ್ಸರಿನ ಗದ್ದಲ ಅವನ ತಲೆಯೊಳಗೆ ಒಂದೇ ಸಮನೆ ತುಂಬಿಕೊಂಡಿತ್ತು, ಏರಿಲ್ಲ, ಇಳಿದಿಲ್ಲ. ಮಗಳು ಎಡಕ್ಕೆ ತಿರುಗಿಸಿದಳು, ಬಲಕ್ಕೆ ತಿರುಗಿಸಿದಳು, ಮತ್ತೊಮ್ಮೆ ಎಡಕ್ಕೆ ತಿರುಗಿಸಿ ಅಪ್ಪನ ಮುಖ ನೋಡಿದಳು.

'ಸರಿ ಇದೆ,' ಎಂದ ಮೇಸ್ತ್ರಿ.

ಅವಳು ಇನ್ನೊಂದು ಕ್ಷಣ ಅವನನ್ನೇ ನೋಡಿ ಎಂಜಿನ್ ನಿಲ್ಲಿಸಿದಳು.

ಮರುದಿನ ಬೆಳಿಗ್ಗೆ ಕ್ವಾರಿಯಲ್ಲಿ ಒಣ ಬಿಸಿಲು. ಹಿಂದೆ ಕಲ್ಲು ಸಾಗಿಸಲು ಕೊರೆದಿದ್ದ ಲಾರಿ ದಾರಿಯೇ ಈಗ ಸ್ಪರ್ಧೆಯ ದಾರಿ. ಗೋಡೆಗೆ ಅಂಟಿಕೊಂಡು ಏಳು ತಿರುವು ಏರಿ ನೆತ್ತಿ ಸೇರುತ್ತಿತ್ತು. ಆರು ತಿರುವುಗಳು ಅಗಲವಾಗಿದ್ದವು. ಏಳನೆಯದು ಎಡಕ್ಕೆ, ಬಲು ಬಿಗಿ. ಹ್ಯಾಂಡಲ್ಲನ್ನು ಪೂರ್ತಿ ತಿರುಗಿಸದೆ ಯಾರೂ ಅದನ್ನು ದಾಟುವಂತಿರಲಿಲ್ಲ. ಅದರ ಹೊರಬದಿಗೆ ತಡೆಯಿಲ್ಲ. ಕೆಳಗೆ ಹತ್ತಾಳುದ್ದದ ಆಳ, ತಳದಲ್ಲಿ ಒಡೆದ ಕಲ್ಲು. ಒಂದು ಸಲಕ್ಕೆ ಒಬ್ಬರೇ ಏರಬೇಕು. ಒಬ್ಬರು ನೆತ್ತಿ ಮುಟ್ಟಿ ಮೇಲೆ ಬಿಳಿ ಬಾವುಟ ಬೀಸಿದ ಮೇಲೆ ಕೆಳಗೆ ಇನ್ನೊಬ್ಬರಿಗೆ ಬಾವುಟ ಬೀಳುತ್ತಿತ್ತು.

ಮಗಳ ಮುಂದಿನವನು ಹೊರಟಿದ್ದ. ಅವಳು ಹೊರಡುವ ಗೆರೆಯ ಮೇಲೆ ಗಾಡಿ ತಂದು ನಿಲ್ಲಿಸಿ, ಎಡಗೈಯಲ್ಲಿ ಹ್ಯಾಂಡಲ್ ಹಿಡಿದು, ಬಲಗೈಯಲ್ಲಿ ಹೆಲ್ಮೆಟ್ಟಿನ ಪಟ್ಟಿ ಬಿಗಿಮಾಡಿಕೊಳ್ಳುತ್ತಿದ್ದಳು. ಮೇಸ್ತ್ರಿ ಹಿಂದಿನಿಂದ ಚಕ್ರದ ಗಾಳಿ ನೋಡಲೆಂದು ಕುಕ್ಕರುಗಾಲಲ್ಲಿ ಕೂತಿದ್ದ. ಸೈಲೆನ್ಸರಿನ ಬಾಯಿ ನೆಲದ ಕಡೆ ತುಸು ಬಾಗಿತ್ತು. ಅದರ ಉಸಿರಿಗೆ ನೆಲದ ಬಿಳಿ ಕಲ್ಲುಪುಡಿ ಒಂದು ಅಂಗೈ ಅಗಲದಷ್ಟು ಏಳುತ್ತಿತ್ತು.

ಮಗಳು ಮುಂದಿನ ಚಕ್ರ ಸರಿಮಾಡಲು ಹ್ಯಾಂಡಲ್ಲನ್ನು ಎಡಕ್ಕೆ ತಿರುಗಿಸಿದಳು. ಪುಡಿ ಒಮ್ಮೆಲೇ ಮೊರದಗಲ ಎದ್ದಿತು. ನೇರ ಮಾಡಿದಳು, ಪುಡಿ ಅಡಗಿತು. ಮತ್ತೆ ಎಡಕ್ಕೆ ತಿರುಗಿಸಿದಳು, ಮತ್ತೆ ಎದ್ದು ಮೇಸ್ತ್ರಿಯ ಮೊಣಕಾಲಿಗೆ ಬಡಿಯಿತು.

ಅವನು ಅವಳ ಬಲಗೈ ನೋಡಿದ. ಅದು ಇನ್ನೂ ಗದ್ದದ ಕೆಳಗೆ ಪಟ್ಟಿಯಲ್ಲೇ ಇತ್ತು. ಆಕ್ಸಿಲರೇಟರ್ ಮೇಲೆ ಬೆರಳೇ ಇರಲಿಲ್ಲ.

ಕೇಬಲ್ ಎಳೆಯುತ್ತಿದೆ. ನಿನ್ನೆಯೂ ಎಳೆದಿತ್ತು. ನಿನ್ನೆ ಸದ್ದು ಏರಿತ್ತು, ತನಗೆ ಕೇಳಿಸಲಿಲ್ಲ. ಏಳನೆಯ ತಿರುವಿನಲ್ಲಿ ಅವಳು ಪೂರ್ತಿ ಎಡಕ್ಕೆ ತಿರುಗಿಸುತ್ತಾಳೆ. ತಾನೇ ಕಟ್ಟಿದ ಆ ಎಂಜಿನ್, ಎಲ್ಲಿ ನಿಧಾನವಾಗಬೇಕೋ ಅಲ್ಲೇ ನುಗ್ಗುತ್ತದೆ.

ಎದ್ದು ಎರಡು ಹೆಜ್ಜೆ ಹೋಗಿ ಕೀಲಿ ತಿರುಗಿಸಿದ್ದರೆ ಮುಗಿಯುತ್ತಿತ್ತು. ಅವನು ಏಳಲಿಲ್ಲ. ಪಕ್ಕದಲ್ಲಿ ಲೇತ್‌ನವನಿದ್ದ. ಜನರನ್ನು ತಡೆಯಲು ಕಟ್ಟಿದ್ದ ಹಗ್ಗದಾಚೆ ಅವನ ಗಿರಾಕಿಗಳೇ ಹತ್ತಾರು ಮಂದಿ ಇದ್ದರು, ಮೇಸ್ತ್ರಿ ಕಟ್ಟಿದ ಎಂಜಿನ್ ನೋಡಲೆಂದೇ ಬಂದವರು. ಈಗ ನಿಲ್ಲಿಸಿದರೆ, ಏನಾಯ್ತು ಎನ್ನುತ್ತಾರೆ. ಹ್ಯಾಂಡಲ್ ತಿರುಗಿಸಿದರೆ ಸದ್ದು ಏರುತ್ತಿದೆ ಎನ್ನಬೇಕು. ನಿನ್ನೆ ಕೇಳಿಸಲಿಲ್ಲವೇ ಮೇಸ್ತ್ರಿ, ಎನ್ನುತ್ತಾರೆ. ಅಲ್ಲಿಗೆ ಮೂರು ವರ್ಷ ಮುಚ್ಚಿಟ್ಟದ್ದು ಬಟಾಬಯಲು. ಅವಳು ಅಷ್ಟು ತಿರುಗಿಸದೆಯೂ ದಾಟಬಹುದು ಎಂದುಕೊಂಡ. ಒಳ್ಳೆಯ ಸವಾರಳು, ಸಂಭಾಳಿಸುತ್ತಾಳೆ ಎಂದುಕೊಂಡ. ಎಷ್ಟು ಹೊತ್ತು ಹಾಗೆ ಕೂತಿದ್ದ? ಒಂದು ಲೋಟ ನೀರು ಕುಡಿಯುವಷ್ಟು ಹೊತ್ತು, ಹೆಚ್ಚಿಲ್ಲ.

'ಥೂ ನನ್ನ ಜನ್ಮಕ್ಕೆ,' ಎಂದು ಎದ್ದು ಕೈ ಚಾಚುವಷ್ಟರಲ್ಲಿ ಬಾವುಟ ಬಿದ್ದಿತು. ಹಿಂದಿನ ಚಕ್ರಗಳು ಎರಚಿದ ಕಲ್ಲುಪುಡಿ ಅವನ ಬಾಯಿ ತುಂಬಿತು.

'ನಿಲ್ಸು! ಪುಟ್ಟೀ, ನಿಲ್ಸು!' ಎಂದು ಕೂಗುತ್ತ ಓಡಿದ. ತನ್ನ ಕೂಗು ತನಗೇ ದೂರದಿಂದ ಬಂದಂತಿತ್ತು. ಬಾವುಟದವನು ತೋಳು ಹಿಡಿದು ಎಳೆದು ಏನೋ ಗದರಿದ. ಲೇತ್‌ನವನು ಓಡಿ ಬಂದ.

'ಏನಾಯ್ತೋ ನಿಂಗೆ? ಹುಚ್ಚು ಹಿಡೀತಾ?'

'ಕೇಬಲ್ಲು... ಮೇಲಿನ ತಿರುವು... ನಿಲ್ಸಿ ಅವಳನ್ನ!'

'ಇನ್ನೆಲ್ಲಿ ನಿಲ್ಸೋದು, ಮೂರನೇ ತಿರುವು ದಾಟಿದ್ಲು!'

ಮೇಸ್ತ್ರಿ ತಲೆ ಎತ್ತಿದ. ಕ್ವಾರಿಯ ಗೋಡೆಯ ಮೇಲೆ ಅವಳ ಗಾಡಿ ಆಟಿಕೆಯಷ್ಟಾಗಿತ್ತು. ನಾಲ್ಕನೆಯ ತಿರುವು. ಎಂಥ ವೇಗ! ಅಷ್ಟು ಚೆನ್ನಾಗಿ ಏರುವ ಗಾಡಿಯನ್ನು ಅವನು ಜೀವಮಾನದಲ್ಲೇ ಕಟ್ಟಿರಲಿಲ್ಲ. ಅದನ್ನು ಕಟ್ಟಿದ ಕೈಗಳ ಮೇಲೆ ಅವನಿಗೆ ಅಸಹ್ಯ ಹುಟ್ಟಿತು. ಐದು. ಹಗ್ಗದಾಚೆಯ ಜನ ಬಾಯಿ ತೆರೆದು ಕೂಗುತ್ತಿದ್ದರು, ಚಪ್ಪಾಳೆ ತಟ್ಟುತ್ತಿದ್ದರು. ಆರು. ಆಮೇಲೆ ಗಾಡಿ ಚಾಚಿದ ಬಂಡೆಯೊಂದರ ಹಿಂದೆ ಮರೆಯಾಯಿತು. ಏಳನೆಯ ತಿರುವು ಅದರ ಹಿಂದೆಯೇ ಇತ್ತು. ಕೆಳಗಿನವರಿಗೆ ಅಲ್ಲಿಂದ ಮುಂದಿನದ್ದು ಕಿವಿಗೆ ಸಿಕ್ಕಷ್ಟೇ.

ಅವನಿಗೆ ಅದೂ ಇರಲಿಲ್ಲ. ಬೇರೆಯವರ ಮುಖಗಳನ್ನು ನೋಡಿದ. ಚಪ್ಪಾಳೆಯ ಕೈಗಳು ಗಾಳಿಯಲ್ಲೇ ನಿಂತವು. ಒಬ್ಬಾಕೆ ಬಾಯಿಗೆ ಕೈ ಅಡ್ಡ ಹಿಡಿದಳು. ಲೇತ್‌ನವನ ಹುಬ್ಬು ಮೇಲೇರಿ, ಮುಖ ಬಿಳಿಚಿಕೊಂಡಿತು. ಏನೋ ಕೇಳಿಸಿತು ಇವರಿಗೆಲ್ಲ. ಏನು? ಎಂಜಿನ್ ಕಿರುಚಿತೇ? ನಿಂತಿತೇ? ಇನ್ನೂ ಓಡುತ್ತಿದೆಯೇ? ಉರುಳುವ ಸದ್ದು ಬಂತೇ? ಬಂಡೆಯ ಹಿಂದಿನಿಂದ ಒಂದು ಧೂಳಿನ ಮುದ್ದೆ ಎದ್ದು ನಿಧಾನವಾಗಿ ಕ್ವಾರಿಯ ಆಳದ ಕಡೆ ಜಾರಿತು. ತನ್ನ ಮಗಳು ಬದುಕಿದ್ದಾಳೋ ಇಲ್ಲವೋ ಎಂಬುದು ಅಲ್ಲಿದ್ದ ಎಲ್ಲರಿಗೂ ಅಷ್ಟಿಷ್ಟು ಗೊತ್ತಿತ್ತು, ಅವಳ ಅಪ್ಪನಿಗೆ ಮಾತ್ರ ಗೊತ್ತಿರಲಿಲ್ಲ.

ಲೇತ್‌ನವನ ಅಂಗಿಯನ್ನು ಎರಡೂ ಕೈಯಲ್ಲಿ ಹಿಡಿದ. 'ಸದ್ದು ಇದ್ಯಾ? ಹೇಳೋ, ಎಂಜಿನ್ ಸದ್ದು ಇದ್ಯಾ?'

'ನಿಂತೋಯ್ತಲ್ಲೋ. ಒಂದೇ ಸಲ ಕಿರುಚಿ ನಿಂತೋಯ್ತು.' ಅವನು ಮೇಸ್ತ್ರಿಯ ಮುಖವನ್ನೇ ದಿಟ್ಟಿಸಿದ. 'ನಿಂಗೆ ಕೇಳಿಸ್ಲಿಲ್ವಾ?'

'ಕೇಳ್ಸಲ್ಲ ಕಣೋ. ನಂಗೆ ಕೇಳ್ಸಲ್ಲ,' ಎಂದ ಮೇಸ್ತ್ರಿ. ಸುತ್ತಲಿನ ಹತ್ತಾರು ಜನ ತಿರುಗಿ ನೋಡಿದರು. ಮೂರು ವರ್ಷ ಯಾವುದಕ್ಕೆ ಹೆದರಿದ್ದನೋ ಅದು ಮುಗಿದುಹೋಗಿತ್ತು, ಅದರ ಕಡೆ ಗಮನ ಕೊಡಲೂ ಅವನಿಗೆ ಪುರುಸೊತ್ತಿರಲಿಲ್ಲ. ಲಾರಿ ದಾರಿಯಲ್ಲಿ ಏರತೊಡಗಿದ್ದ.

ಐವತ್ತೆಂಟರ ಮೊಣಕಾಲುಗಳು. ಎರಡನೆಯ ತಿರುವಿಗೇ ಉಸಿರು ಸಿಕ್ಕಿಕೊಂಡಿತು. ಮೇಲೆ ಯಾರೋ ಕೆಂಪು ಬಾವುಟ ಬೀಸುತ್ತಿದ್ದರು. ಬಾ ಎಂದೋ, ಬರಬೇಡ ಎಂದೋ, ನೋಡಬೇಡ ಎಂದೋ? ಕೈಸನ್ನೆಯನ್ನು ತಪ್ಪಿಲ್ಲದೆ ಓದುತ್ತಿದ್ದವನಿಗೆ ಈಗ ಒಂದೂ ಅರ್ಥವಾಗಲಿಲ್ಲ. ಮನೆಗೆ ಹೋಗಿ ಹೆಂಡತಿಗೆ ಏನು ಹೇಳಲಿ ಎಂಬ ಯೋಚನೆ ಬಂತು. ಅದನ್ನು ಅಟ್ಟಿದರೆ, ಆ ಒಂದು ಲೋಟ ನೀರಿನಷ್ಟು ಹೊತ್ತು ನೆನಪಿಗೆ ಬಂತು. ಹಲ್ಲು ಕಚ್ಚಿಕೊಂಡು ಏರಿದ. ಐದನೆಯ ತಿರುವಿನಲ್ಲಿ ಎಡವಿ ಬಿದ್ದು, ಅಂಗೈ ಕಿತ್ತು, ಮತ್ತೆ ಎದ್ದ. ಹಿಂದೆ ಲೇತ್‌ನವನು ಬರುತ್ತಿದ್ದದ್ದೂ ಅವನಿಗೆ ಗೊತ್ತಿರಲಿಲ್ಲ.

ಬಂಡೆ ಬಳಸಿ ಹೋದಾಗ ಮೊದಲು ಕಂಡದ್ದು ಗಾಡಿ. ಮುಂದಿನ ಎರಡೂ ಚಕ್ರಗಳು ಅಂಚಿನಾಚೆ ಗಾಳಿಯಲ್ಲಿದ್ದವು, ಹೊಟ್ಟೆ ಒಂದು ಕಲ್ಲಿಗೆ ಸಿಕ್ಕಿ ನಿಂತಿತ್ತು. ಸೀಟಿನ ಮೇಲೆ ಯಾರೂ ಇರಲಿಲ್ಲ. ಅಂಚಿನ ಕಡೆ ಹೆಜ್ಜೆ ಹಾಕಿದ. ಯಾರೋ ಹಿಂದಿನಿಂದ ಅಂಗಿ ಹಿಡಿದು ತಿರುಗಿಸಿದರು.

ಮಗಳು ಗೋಡೆಗೆ ಒರಗಿ ಕೂತಿದ್ದಳು. ಹೆಲ್ಮೆಟ್ ತೆಗೆದು ಪಕ್ಕದಲ್ಲಿಟ್ಟಿದ್ದಳು. ಎಡ ಮಣಿಕಟ್ಟು ಊದಿ ಒಂದು ಬದಿಗೆ ವಾಲಿತ್ತು. ಬಲ ಮಣಿಕಟ್ಟಿನಲ್ಲಿ, ಸವಾರರು ಬಿದ್ದರೆ ಎಂಜಿನ್ ನಿಲ್ಲಿಸಲೆಂದು ಕಟ್ಟಿಕೊಳ್ಳುವ ದಾರ ಇನ್ನೂ ನೇತಾಡುತ್ತಿತ್ತು. ಮೇಸ್ತ್ರಿ ಅವಳ ಮುಂದೆ ಕುಸಿದು ಕೂತು, ಅವಳ ಮುಖ ಮುಟ್ಟಿದ, ತಲೆ ಮುಟ್ಟಿದ, ಮತ್ತೆ ಮುಖ ಮುಟ್ಟಿದ.

'ಬದುಕಿದ್ದೀನಪ್ಪ,' ಎಂದಳು. 'ತಿರುಗಿಸಿದ ತಕ್ಷಣ ತಾನಾಗೇ ನುಗ್ತು. ಬೆರಳು ತೆಗೆದ್ರೂ ನಿಲ್ಲಲಿಲ್ಲ. ಹಾರ್ಕೊಂಡೆ.'

'ಕೇಬಲ್ಲು ಸಾಲ್ಲಿಲ್ಲ ಕಣಮ್ಮ. ಹ್ಯಾಂಡಲ್ ಎತ್ತರ ಆಯ್ತು.'

'ಗೊತ್ತು. ನಿನ್ನೆ ಎಡಕ್ಕೆ ತಿರುಗಿಸಿದಾಗ ಸದ್ದು ಏರ್ತು ಅನ್ನಿಸ್ತು ನಂಗೆ. ಎರಡು ಸಲ ನೋಡ್ದೆ. ನೀನು ಸರಿ ಇದೆ ಅಂದೆ. ನಿನ್ನ ಕಿವಿ ಮುಂದೆ ನಂದ್ಯಾವ ಲೆಕ್ಕ, ನಂದೇ ಭ್ರಮೆ ಅನ್ಕೊಂಡು ಸುಮ್ನಾದೆ.'

ಅಂಚಿಗೆ ನೇತಾಡುತ್ತಿದ್ದ ಗಾಡಿಗಿಂತ ಈ ಮಾತು ಅವನನ್ನು ಹೆಚ್ಚು ನಡುಗಿಸಿತು. ಏನೂ ಗೊತ್ತಿಲ್ಲದೆ ಅವಳು ಏರಿದ್ದಳು ಎಂದುಕೊಂಡಿದ್ದ. ಗೊತ್ತಾಗಿಯೂ, ತನ್ನ ಒಂದು ಮಾತಿಗೆ ಏರಿದ್ದಳು.

'ನಂಗೆ ಕೇಳ್ಸಲ್ಲ ಪುಟ್ಟಿ,' ಎಂದ. 'ಮೂರು ವರ್ಷ ಆಯ್ತು. ಯಾರಿಗೂ ಹೇಳಿಲ್ಲ.'

ಅವಳ ಕಣ್ಣು ತುಂಬಿಕೊಂಡಿತು. 'ಹೇಳೋಕೇನಾಗಿತ್ತಪ್ಪ ನಿಂಗೆ? ನಾನಿರ್ಲಿಲ್ವಾ? ಪಕ್ಕದಲ್ಲಿ ನಿಂತ್ಕೊಂಡು ಏರ್ತು, ಇಳೀತು ಅಂತ ಹೇಳ್ತಿರ್ಲಿಲ್ವಾ?' ಎಂದು, ಸರಿಯಿದ್ದ ಕೈಯಿಂದ ಅವನ ರಕ್ತ ಬಂದ ಅಂಗೈ ಹಿಡಿದುಕೊಂಡಳು.

ಇಲ್ಲಿಗೆ ಬಿಟ್ಟಿದ್ದರೆ ಅವನಿಗೆ ಕ್ಷಮೆ ಸಿಕ್ಕಿಬಿಡುತ್ತಿತ್ತು. ಕಿವಿ ಹೋಗುವುದು ಯಾರ ತಪ್ಪೂ ಅಲ್ಲ, ಮುಚ್ಚಿಟ್ಟದ್ದನ್ನೂ ಮಕ್ಕಳು ಮರೆಯುತ್ತಾರೆ. ನೆಲದ ಪುಡಿ ಎದ್ದದ್ದನ್ನು ಕಂಡವರು ಅವನ ಹೊರತು ಯಾರೂ ಇರಲಿಲ್ಲ. ಹಾಗೆ ಬಿಟ್ಟುಬಿಡಬೇಕೆಂದು ಅವನಿಗೂ ಆಸೆಯಾಯಿತು. ಆದರೆ ಸರಿ ಇದೆ ಎಂದು ಸುಳ್ಳು ಹೇಳಿ ಈ ಅಂಚಿನ ತನಕ ಅವಳನ್ನು ಕಳಿಸಿದ್ದ ಬಾಯಿ ಮತ್ತೊಮ್ಮೆ ಸುಮ್ಮನಿರಲು ಒಪ್ಪಲಿಲ್ಲ.

'ಇನ್ನೂ ಒಂದಿದೆ,' ಎಂದ. 'ಬಾವುಟ ಬೀಳೋಕೆ ಮುಂಚೆನೇ ನಂಗೆ ಗೊತ್ತಾಯ್ತು. ಗೆರೆ ಹತ್ರ ನೀನು ಎಡಕ್ಕೆ ತಿರುಗಿಸಿದಾಗ ಪುಡಿ ಎದ್ದದ್ದು ನೋಡ್ದೆ. ನಿಲ್ಲಿಸ್ಬಹುದಿತ್ತು. ಜನ ಏನಂತಾರೋ ಅಂತ ಕೂತ್ಕೊಂಡೆ.'

ಅವಳ ಕೈ ಅವನ ಕೈಯ ಮೇಲೆ ಇನ್ನೂ ಇತ್ತು. ಮೆಲ್ಲಗೆ ಅದನ್ನು ತೆಗೆದು ಮಡಿಲಿಗೆ ಎಳೆದುಕೊಂಡಳು. ಮುಖ ತಿರುಗಿಸಿ ಗಾಡಿಯ ಕಡೆ ನೋಡುತ್ತ ಏನೋ ಹೇಳಿದಳು. ಅವಳ ತುಟಿ ಅವನಿಗೆ ಕಾಣಲಿಲ್ಲ. ಚಿಕ್ಕ ಮಾತು ಅದು, ಮೂರೋ ನಾಲ್ಕೋ ಶಬ್ದ ಇದ್ದೀತು. ಹಿಂದೆ ನಿಂತಿದ್ದ ಲೇತ್‌ನವನಿಗೆ ಅದು ಕೇಳಿಸಿರಬೇಕು, ಅವನು ತಲೆ ತಗ್ಗಿಸಿ ನೆಲ ನೋಡತೊಡಗಿದ.

'ಏನಂದೆ ಪುಟ್ಟಿ?' ಎಂದ ಮೇಸ್ತ್ರಿ. 'ಕೇಳಿಸ್ಲಿಲ್ಲ. ಇನ್ನೊಂದ್ಸಲ ಹೇಳು.'

ಅವಳು ಮತ್ತೆ ಹೇಳಲಿಲ್ಲ.